ಅಕ್ಕಿಕಾಳಿನಷ್ಟು ಖಾರ

ಬ್ಯಾಡಗಿಯಲ್ಲಿ ಸ್ಟೇಷನ್ ರಸ್ತೆಯಿಂದ ಎಡಕ್ಕೆ ಹೊರಳಿ ನಡೆಯುತ್ತ ಹೋಗಿ. ಎಲ್ಲಿ ಮೊದಲನೆಯ ಸೀನು ಬರುತ್ತದೋ ಅಲ್ಲಿಂದ ಹದಿನೈದು ಹೆಜ್ಜೆಗೆ ಹೊಳಿಯಪ್ಪನ ಖಾರ ಕುಟ್ಟುವ ಗಿರಣಿ. ಹೊಸಬರಾದರೆ ಮೂರು ಸಲ ಸೀನಿ, ಮೂಗು ಒರೆಸಿಕೊಂಡು ಒಳಗೆ ಬರುತ್ತಾರೆ. ಊರಿನವರು ಸೀನುವುದಿಲ್ಲ, ಅವರ ಮೂಗು ಎಂದೋ ಕೈಮುಗಿದು ಶರಣಾಗಿದೆ.

ಹೊಳಿಯಪ್ಪನಿಗೆ ಐವತ್ತಾರು ವರ್ಷ. ಆಳು ದುಂಡಗೆ, ದನಿ ದೊಡ್ಡದು, ಹುಬ್ಬು ಕೆಂಪು. ಹುಬ್ಬಿನ ಬಣ್ಣ ಹುಟ್ಟಿನಿಂದ ಬಂದದ್ದೇನಲ್ಲ, ಮೂವತ್ತು ವರ್ಷ ಕುಟ್ಟಿದ ಮೆಣಸಿನಕಾಯಿಯ ಧೂಳು. ಬೆಳಗ್ಗೆ ತೊಟ್ಟ ಬಿಳಿ ಅಂಗಿ ಮಧ್ಯಾಹ್ನಕ್ಕೆ ಗುಲಾಬಿಯಾಗಿ, ಸಂಜೆಗೆ ಇಟ್ಟಂಗಿ ಬಣ್ಣಕ್ಕೆ ತಿರುಗಿರುತ್ತದೆ. ಈ ಮನುಷ್ಯನಿಗೆ ಆಸ್ತಿಯ ಸೊಕ್ಕಿಲ್ಲ, ಜಾಣತನದ ಸೊಕ್ಕಿಲ್ಲ. ಇದ್ದ ಒಂದೇ ಸೊಕ್ಕು ತನ್ನ ನಾಲಿಗೆಯದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಉದ್ದಕ್ಕೆ ಸುಕ್ಕಾಗಿರುವುದು ಕಡ್ಡಿ, ಗಿಡ್ಡಗೆ ದಪ್ಪಗಿರುವುದು ಡಬ್ಬಿ. ಖಾರಪುಡಿಯನ್ನು ಬೆರಳ ತುದಿಗೆ ತಾಗಿಸಿ ನಾಲಿಗೆಗೆ ಇಟ್ಟರೆ ಸಾಕು, ಅದು ಕಡ್ಡಿಯೋ ಡಬ್ಬಿಯೋ, ಈ ವರ್ಷದ್ದೋ, ಕೋಲ್ಡ್ ಸ್ಟೋರೇಜಿನಲ್ಲಿ ಚಳಿ ತಿಂದು ಬಂದ ಹೋದ ವರ್ಷದ್ದೋ, ಹೇಳಿಬಿಡುತ್ತಿದ್ದ. ಹತ್ತರಲ್ಲಿ ಏಳು ಸಲ ಸರಿ ಇರುತ್ತಿತ್ತು. ಉಳಿದ ಮೂರು ಸಲ, ಕಾಯಿ ತಂದವನೇ ಸುಳ್ಳು ಹೇಳುತ್ತಿದ್ದಾನೆ ಎಂದು ಜಗಳ ತೆಗೆಯುತ್ತಿದ್ದ.

“ನನ್ನ ನಾಲಿಗಿಗೆ ಮೋಸ ಮಾಡೂ ಮನಷ್ಯಾ ಇನ್ನೂ ಹುಟ್ಟಿಲ್ಲ” ಎಂದು ದಿನಕ್ಕೆ ಎರಡು ಸಲವಾದರೂ ಅನ್ನದಿದ್ದರೆ ಅವನಿಗೆ ಗಿರಣಿ ತೆರೆದಂತೆಯೇ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವನಿಗೆ ಬಿಪಿ ಏರಿತ್ತು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಮರುದಿನ ಹೆಂಡತಿ ನಾಗಲಕ್ಷ್ಮಿ ಉಪ್ಪಿಲ್ಲದ ಬೇಳೆ ಸಾರು ಬಡಿಸಿದಳು. ತಾಟು ಅಂಗಳದವರೆಗೆ ಉರುಳಿ ಹೋಗಿ, ತುಳಸಿಕಟ್ಟೆಗೆ ಬಡಿದು ಬಹಳ ಹೊತ್ತು ಗಿರಗಿರ ಸುತ್ತಿತು. “ಉಪ್ಪು ಬಿಡೂದೂ ಉಸರು ಬಿಡೂದೂ ಎರಡೂ ಒಂದ” ಎಂದು ಹೊಳಿಯಪ್ಪ ಗುಡುಗಿದ. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಬಿಪಿ ಮಾತ್ರ ತಿಂಗಳಿಂದ ತಿಂಗಳಿಗೆ ತಾನಾಗಿಯೇ ಇಳಿಯುತ್ತ ಬಂತು. ದಿನಾ ಮುಂಜಾನೆ ತಾನು ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯನ್ನು ಎರಡು ಸಲ ಹತ್ತಿ ಇಳಿಯುವುದರ ಫಲ ಇದು ಎಂದು ಅವನು ಕಂಡವರಿಗೆಲ್ಲ ಉಪದೇಶ ಮಾಡಿದ. ಅವನ ಮಾತು ಕೇಳಿ ಇಬ್ಬರು ದಲಾಲರು ಮೇಲ್ಸೇತುವೆ ಹತ್ತಿ ಮೊಣಕಾಲು ನೋವು ತಂದುಕೊಂಡರು.

ಈಚೆಗೆ ಮದುವೆಮನೆಗಳಿಗೆ ಹೋದಾಗ ಅವನದು ಹೊಸದೊಂದು ತಕರಾರು ಶುರುವಾಗಿತ್ತು. ಮೋಟೆಬೆನ್ನೂರಿನ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಕೂತು, “ಈಗಿನ ಅಡಿಗಿಯವರಿಗೆ ಉಪ್ಪಿನ ಹದಾನ ಗೊತ್ತಿಲ್ಲ ನೋಡ್ರಿ. ಬರೇ ಉಪ್ಪು ಸುರೀತಾರ” ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಿದ್ದ. ಅಕ್ಕಪಕ್ಕದವರು ಬೆರಳು ನೆಕ್ಕುತ್ತ ಎರಡನೆಯ ಸಲ ಸಾರು ಹಾಕಿಸಿಕೊಂಡರು.

ನಾಲಿಗೆ ಅವನಿಗೆ ಬಂದದ್ದು ತಾಯಿ ದೇವವ್ವನಿಂದ. ದೇವವ್ವನಿಗೆ ಎಂಬತ್ತೊಂದು. ಗಿರಣಿ ಬರುವ ಮುಂಚೆ ಮನೆಯ ಒರಳಲ್ಲಿ ಊರಿಗೆಲ್ಲ ಖಾರ ಕುಟ್ಟಿಕೊಟ್ಟವಳು ಆಕೆ. ಹಲ್ಲು ಹೋದವು, ಕಿವಿ ಅರ್ಧ ಹೋಯಿತು, ನಾಲಿಗೆ ಮಾತ್ರ ಹರೆಯದಲ್ಲಿತ್ತು. ಮೂರು ಹೊತ್ತೂ ರೊಟ್ಟಿ, ರೊಟ್ಟಿಯ ನಡುವೆ ರಂಜಕ. ಬೆಳ್ಳುಳ್ಳಿ ಹಾಕಿ ರುಬ್ಬಿದ ಆ ಕೆಂಪು ಚಟ್ನಿ ನೋಡಿದರೆ ನಮ್ಮ ನಿಮ್ಮ ಕಣ್ಣಲ್ಲಿ ನೀರು ಬರಬೇಕು. ಆಕೆಯ ಬಾಯಲ್ಲಿ ನೀರು ಬರುತ್ತಿತ್ತು.

ಈ ವರ್ಷ ಮಳೆಗಾಲದಲ್ಲಿ ಆಕೆಯ ಹೊಟ್ಟೆ ಉರಿಯತೊಡಗಿತು. ರಾಣೆಬೆನ್ನೂರಿಗೆ ಕರೆದೊಯ್ದರು. ಡಾಕ್ಟರು ಗಂಟಲಲ್ಲಿ ನಳಿಕೆ ಇಳಿಸಿ ನೋಡಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ಖಾರ ಇವತ್ತಿಗೇ ಬಂದ್ ಎಂದರು. ದೇವವ್ವ ಮನೆಗೆ ಬಂದಳು. ಬಿಳಿ ಅನ್ನ, ಬಿಳಿ ಹಾಲು, ಬಿಳಿ ಮಜ್ಜಿಗೆ ಬಿಳಿ ತಾಟಿನಲ್ಲಿ ಬಂದವು. ಆಕೆ ತಾಟನ್ನು ನೋಡಿದಳು, ಮಗನನ್ನು ನೋಡಿದಳು.

“ಇದು ಊಟಲ್ಲೋ ತಮ್ಮಾ, ಇದು ಸುಣ್ಣ” ಎಂದು ತಾಟು ಸರಿಸಿದಳು.

ಹಟ ಮಾಡಿದಳೆಂದು ಹೇಳುವಂತಿರಲಿಲ್ಲ. ಎರಡು ತುತ್ತು ಉಣ್ಣುತ್ತಿದ್ದಳು, ಮೂರನೆಯದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹದಿನೈದು ದಿನದಲ್ಲಿ ಕೈಬಳೆ ಮೊಣಕೈವರೆಗೆ ಜಾರತೊಡಗಿದವು. ಹೊಳಿಯಪ್ಪ ಅದನ್ನು ನೋಡಿದ ದಿನ ಗಿರಣಿಯ ಮೋಟಾರು ಬಂದ್ ಮಾಡಿಬಿಟ್ಟ. ಊರಿಗೆಲ್ಲ ಖಾರ ಕುಟ್ಟಿಕೊಡುವವನ ತಾಯಿ ಖಾರವಿಲ್ಲದೆ ಒಣಗುತ್ತಿದ್ದಳು. ಅವನಿಗೆ ಅಂಜಿಕೆಯಾಯಿತು, ಖರೇ ಅಂಜಿಕೆ.

ಮತ್ತೆ ರಾಣೆಬೆನ್ನೂರಿಗೆ ಹೋದ. ಡಾಕ್ಟರು ತಲೆ ಕೆರೆದುಕೊಂಡರು.

“ನೋಡ್ರಿ ಹೊಳಿಯಪ್ಪ, ಈ ವಯಸ್ಸಿನಾಗ ಉಪಾಸ ಬೀಳೂದು ಹುಣ್ಣಿಗಿಂತ ಕೆಟ್ಟದ್ದು. ಗುಳಿಗಿ ತಪ್ಪಸಬ್ಯಾಡ್ರಿ. ಊಟಕ್ಕ ಒಂದು ಅಕ್ಕಿಕಾಳಿನ ತೂಕದಷ್ಟು ಖಾರಪುಡಿ ಕೊಡ್ರಿ, ಅದಕ್ಕಿಂತ ಒಂದು ಚೂರೂ ಹೆಚ್ಚಾಗಬಾರದು. ಹಂಗ ವಾರ ವಾರ ಇಳಸ್ಕೋತ ಬಂದು ಪೂರಾ ಬಿಡಸ್ರಿ. ಆದ್ರ ನಿಮ್ಮ ಕೈಲೆ ಆಗತೈತೇನು?”

“ನಮ್ಮದು ಖಾರದ ಮನಿತನಾರಿ. ನನಗ ಅಳತಿ ಹೇಳಿಕೊಡತೀರಿ?” ಎಂದು ಹೊಳಿಯಪ್ಪ ನಗುತ್ತ ಬಸ್ಸು ಹತ್ತಿದ.

ಅಕ್ಕಿಕಾಳಿನಷ್ಟು! ಮನೆಗೆ ಬಂದು ಒಂದು ಅಕ್ಕಿಕಾಳು ಎದುರಿಗೆ ಇಟ್ಟುಕೊಂಡು, ಪಕ್ಕದಲ್ಲಿ ಅಷ್ಟೇ ಖಾರಪುಡಿ ಚಿಮುಟಿ ಇಡಲು ಹೋದಾಗ ಅವನಿಗೆ ಬೆವರಿತು. ಅವನ ಬೆರಳು ಒಂದೊಂದೂ ಬಾಳೆಕಾಯಿ. ಆ ಬೆರಳ ಸಂದಿಯಲ್ಲಿ ಹಿಡಿದದ್ದು ಹತ್ತು ಅಕ್ಕಿಕಾಳಿನಷ್ಟಾಗುತ್ತಿತ್ತು. ಉದುರಿಸಿದರೆ ಅರ್ಧ ಬೆರಳಿಗೇ ಅಂಟಿ ಉಳಿಯುತ್ತಿತ್ತು. ನಾಗಲಕ್ಷ್ಮಿಯ ಸೂಜಿಯ ತುದಿಯಿಂದ ತೆಗೆದು ನೋಡಿದ. ಅಷ್ಟರಲ್ಲಿ ಅವನಿಗೇ ಸೀನು ಬಂದು, ಖಾರಪುಡಿ ಅಕ್ಕಿಕಾಳು ಎರಡೂ ಹಾರಿಹೋದವು.

ಗಿರಣಿಯ ತಕ್ಕಡಿ ಚೀಲ ತೂಗುವಂಥದ್ದು, ಅರ್ಧ ಕಿಲೋದ ಕೆಳಗೆ ಅದಕ್ಕೆ ಕಣ್ಣೇ ಕಾಣುವುದಿಲ್ಲ. ಹಾಗಾಗಿ ಖಾರಪುಡಿಯ ಡಬ್ಬಿ ಬಗಲಲ್ಲಿಟ್ಟುಕೊಂಡು ಪತ್ತಾರ ಮನೋಹರನ ಬಂಗಾರದ ಅಂಗಡಿಗೆ ನಡೆದ. ಮನೋಹರ ಅವನ ಶಾಲೆಯ ಗೆಳೆಯ. ಅಂಗಡಿಯಲ್ಲಿ ಮದುವೆಗೆ ಬಂಗಾರ ನೋಡಲು ಬಂದ ಪರವೂರಿನ ಒಂದು ಮನೆತನದ ಆರು ಜನ ಕೂತಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯನ್ನು ತೋರಿಸಿ ಹೊಳಿಯಪ್ಪ, “ಮನೋಹರಾ, ಒಂದು ಅಕ್ಕಿಕಾಳಿನಷ್ಟು ಖಾರಪುಡಿ ತೂಗಿಕೊಡೋ” ಎಂದ.

“ತಲಿ ಗಿಲಿ ಕೆಟ್ಟೈತೇನಲೇ? ಇದು ಬಂಗಾರ ತೂಗೂ ತಕ್ಕಡಿ!”

“ನಮ್ಮವ್ವನ ಊಟದ ಮಾತೈತಿ. ನನಗ ಇವತ್ತು ಇದ ಬಂಗಾರ.”

ಮನೋಹರ ಕರಗಿದ. ಗಾಜಿನ ಬಾಗಿಲು ಸರಿಸಿ ಕಾಗದದ ಚೂರಿನ ಮೇಲೆ ಹೊಳಿಯಪ್ಪ ಖಾರಪುಡಿ ಉದುರಿಸಿದ. ಮೇಲೆ ಫ್ಯಾನು ತಿರುಗುತ್ತಿದೆ ಎನ್ನುವುದು ಇಬ್ಬರಿಗೂ ನೆನಪಿರಲಿಲ್ಲ. ಮೊದಲು ಮದುಮಗಳ ಸೋದರಮಾವ ಸೀನಿದ. ಆಮೇಲೆ ಅತ್ತೆ, ಆಮೇಲೆ ಮದುಮಗಳು, ಆಮೇಲೆ ಸಾಲಾಗಿ ಎಲ್ಲರೂ. ಒಬ್ಬರು ಮುಗಿಸುವಷ್ಟರಲ್ಲಿ ಇನ್ನೊಬ್ಬರು. ಶುಭಕಾರ್ಯದಲ್ಲಿ ಸೀನಬಾರದೆಂದು ಮೂಗು ಹಿಡಿದುಕೊಂಡಿದ್ದ ಹಿರಿಯರೊಬ್ಬರು ಕಡೆಗೆ ಎಲ್ಲರಿಗಿಂತ ದೊಡ್ಡದಾಗಿ ಸೀನಿದರು. ಮನೋಹರ ಕಣ್ಣೀರು ಸುರಿಸುತ್ತಲೇ ಒಂದು ಗ್ರಾಮು ತೂಗಿ ಪೊಟ್ಟಣ ಕಟ್ಟಿ, “ಇದಕ್ಕಿಂತ ಸಣ್ಣದು ನನ್ನ ಕೈಲೆ ಆಗೂದಿಲ್ಲ, ನಡಿ ಹೊರಗ” ಎಂದ.

ಒಂದು ಗ್ರಾಮಂತೂ ಸಿಕ್ಕಿತು. ಅದನ್ನು ಅಕ್ಕಿಕಾಳಿನ ಪಾಲು ಮಾಡುವುದು ಹೇಗೆ? ದಾರಿ ತೋರಿಸಿದವಳು ಮಗಳು ಮೇಘಾ. ಆಕೆ ಆರು ತಿಂಗಳಿಂದ ಮಾರ್ಕೆಟ್ ಯಾರ್ಡಿನ ಹತ್ತಿರ ಮೆಣಸಿನಕಾಯಿಯ ಬಣ್ಣ ಅಳೆಯುವ ಲ್ಯಾಬಿಗೆ ಹೋಗುತ್ತಿದ್ದಳು. ಮಾದರಿಗೆ ಚೀಟಿ ಅಂಟಿಸುವುದು, ನಂಬರು ಬರೆಯುವುದು ಆಕೆಯ ಕೆಲಸ. ಉಳಿದದ್ದನ್ನು ನೋಡಿ ನೋಡಿ ಕಲಿತಿದ್ದಳು.

“ಅಪ್ಪಾ, ಪುಡಿ ತೂಗೂದು ತ್ರಾಸು, ನೀರಿನಂಥದ್ದು ಅಳಿಯೂದು ಸಲೀಸು. ಒಂದು ಗ್ರಾಮು ಪುಡಿನ ಐವತ್ತು ಚಮಚ ಯಾವುದರಾಗರ ಕರಗಸು. ಆಮ್ಯಾಲ ಒಂದು ಚಮಚ ತಕ್ಕೊಂಡಿ ಅಂದ್ರ ಗ್ರಾಮಿನ ಐವತ್ತರಾಗ ಒಂದು ಪಾಲು. ಅಲ್ಲಿಗೆ ಒಂದು ಅಕ್ಕಿಕಾಳು.”

ಹೊಳಿಯಪ್ಪ ಕುಣಿದೇಬಿಟ್ಟ. ಇಂಥ ಮಗಳನ್ನು ಹಡೆದದ್ದಕ್ಕೆ ತನಗೆ ತಾನೇ ಶಾಭಾಸ್ ಅಂದುಕೊಂಡ. ಯಾವುದರಲ್ಲಿ ಕರಗಿಸಬೇಕೆಂದು ಲ್ಯಾಬಿನ ಮೇಡಮ್‌ರನ್ನು ಕೇಳಿ ಹೇಳುತ್ತೇನೆ, ಅವರು ರಜೆ ಮುಗಿಸಿ ಸೋಮವಾರ ಬರುತ್ತಾರೆ ಎಂದು ಮೇಘಾ ಅನ್ನುತ್ತಿದ್ದಳು. ಅವತ್ತಿನ್ನೂ ಮಂಗಳವಾರ. ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು? ಅವನು ಆಗಲೇ ಅಡುಗೆಮನೆಯಲ್ಲಿ ಬಾಟಲಿ ಹುಡುಕುತ್ತಿದ್ದ. ಹುಣಸೆಹಣ್ಣಿನ ಭರಣಿಯ ಹಿಂದೆ ನೀರು ತುಂಬಿದ ಒಂದು ಬಾಟಲಿ ಸಿಕ್ಕಿತು. ಚೆಲ್ಲಲು ಹೋದವನ ಕೈಯಿಂದ ನಾಗಲಕ್ಷ್ಮಿ ಹಾರಿ ಬಂದು ಕಿತ್ತುಕೊಂಡಳು.

“ಅದನ್ನ ಮುಟ್ಟಬ್ಯಾಡ್ರಿ! ಬಾಯಿ ಮುಕ್ಕಳಸೂ ನೀರದು.”

“ಬಾಯಿ ಮುಕ್ಕಳಸೂ ನೀರಿಗೆ ಇಷ್ಟ್ಯಾಕ ಜೀವಾ ಬಿಡತಿ?” ಎಂದು ಬೈದು ಬೇರೆ ಬಾಟಲಿ ತೊಳೆದುಕೊಂಡ.

ಐವತ್ತು ಚಮಚ ನೀರು ಎಣಿಸಿ ಹಾಕಿ, ಪೊಟ್ಟಣ ಸುರಿದು, ಕುಲುಕಿದ. ನೀರು ಕೆಂಪಾಯಿತು. ದೇವವ್ವನ ಸಾರಿಗೆ ಒಂದು ಚಮಚ ಹಾಕಿ ಕಲೆಸಿ ಕೊಟ್ಟು ಎದುರಿಗೇ ಕೂತು ಬಾಯಿ ನೋಡಿದ. ಆಕೆ ನಾಲ್ಕು ತುತ್ತು ಉಂಡಳು. ನಾಲ್ಕು! ಹೊಳಿಯಪ್ಪ ಓಡಿಹೋಗಿ ಮನೋಹರನಿಗೆ ಫೋನು ಮಾಡಿದ. ಮರುದಿನ ಅದೇ ಒಂದು ಚಮಚ, ಆಕೆ ಎರಡೇ ತುತ್ತಿಗೆ ಎದ್ದಳು. ಅದರ ಮರುದಿನ ಒಂದೇ ತುತ್ತು.

ಅವನು ಕುಲುಕಿದ್ದು ಮೊದಲ ದಿನ ಮಾತ್ರ. ಖಾರ ನೀರಿನಲ್ಲಿ ಕರಗುವುದಿಲ್ಲ. ಪುಡಿ ತಳಕ್ಕೆ ಹೋಗಿ ಕೂತಿತ್ತು, ಮೇಲಿನದು ಬರೀ ತಿಳಿನೀರು. ಮೂವತ್ತು ವರ್ಷ ಖಾರ ಕುಟ್ಟಿದವನಿಗೆ ಇದು ತಿಳಿಯಲಿಲ್ಲ, ಏಕೆಂದರೆ ಅವನು ಖಾರವನ್ನು ಚೀಲದಲ್ಲಿ ನೋಡಿದ್ದನೇ ಹೊರತು ಬಾಟಲಿಯಲ್ಲಿ ನೋಡಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಬಾಟಲಿ ಕೈತಪ್ಪಿ ಮಗುಚಿ ನೀರೆಲ್ಲ ಚೆಲ್ಲಿತು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದು ಸರಿಯಾಗಿ ಒಂದು ಚಮಚ ಆಯಿತು. ದೇವರು ದೊಡ್ಡವನು ಎಂದು ಅದನ್ನೇ ಸಾರಿಗೆ ಹಾಕಿ ಕೊಟ್ಟ.

ದೇವವ್ವ ಒಂದು ತುತ್ತು ಇಟ್ಟುಕೊಂಡಳು. ಕಣ್ಣು ಅಗಲವಾದವು. ಮುಖದ ಮೇಲೆ ಎಷ್ಟೋ ದಿನದ ಮೇಲೆ ಒಂದು ಕಳೆ ಬಂತು, ಆಮೇಲೆ ಬಿಕ್ಕಳಿಕೆ ಬಂತು. ಮುಂದಿನ ಒಂದು ತಾಸು ಆಕೆ ಹೊಟ್ಟೆ ಹಿಡಿದುಕೊಂಡು ಮಲಗಿದಳು. ರಾಣೆಬೆನ್ನೂರಿನ ಡಾಕ್ಟರು ಫೋನಿನಲ್ಲಿ ಬೈದ ಬೈಗುಳವನ್ನು ಹೊಳಿಯಪ್ಪ ಎದ್ದು ನಿಂತು ಕೇಳಿಸಿಕೊಂಡ. ಸಂಜೆ ಆಕೆ ಎದ್ದು ಕೂತು ಹಾಲು ಕುಡಿದ ಮೇಲೆಯೇ ಅವನ ಉಸಿರು ತಿರುಗಿದ್ದು. ಇನ್ನು ಅಂದಾಜಿನ ಆಟ ಆಡಬಾರದು ಎಂದು ಅವನು ಕಿವಿ ಹಿಡಿದುಕೊಂಡ.

ಅವತ್ತೇ ಮನೆಯಲ್ಲಿ ಪಂಚಾಯಿತಿ ಕೂಡಿತು.

“ನಿಮ್ಮ ಲ್ಯಾಬಿನ್ಯಾಗ ಯಾವುದರಾಗ ಕರಗಸ್ತಾರ?” ಎಂದು ಹೊಳಿಯಪ್ಪ ಕೇಳಿದ.

“ಅಸಿಟೋನಿನ್ಯಾಗ.”

“ಹಂಗಾರ ಅದನ್ನ ಒಂದು ಬಾಟ್ಲಿ ತಾ.”

“ಅಪ್ಪಾ! ಉಗುರಿನ ಬಣ್ಣಾ ತಗಿಯೂದು ಅದು. ನಮಗ ಮೂಸಿ ಸೈತ ನೋಡಬ್ಯಾಡ್ರಿ ಅಂತಾರ, ನೀ ಅಜ್ಜಿಗೆ ಕುಡಸ್ತೀಯಾ?”

“ಔಷಧದ ಅಂಗಡ್ಯಾಗ ಸ್ಪಿರಿಟ್ ಇರತೈತಲ್ಲ?”

“ಅದು ಗಾಯಾ ಒರಸೂದು. ಹೊಟ್ಟಿಗೆ ಹೋದ್ರ ಕಣ್ಣು ಹೋಗತಾವು, ಜೀವಾನೂ ಹೋಗತೈತಿ. ಕರಗತೈತಿ ಅಂತ ಎಲ್ಲಾ ಬಾಯಿಗೆ ಬರೂದಿಲ್ಲಪ್ಪಾ. ಮೊದಲ ತಿನ್ನೂವಂಥದ್ದು ಇರಬೇಕು, ಆಮ್ಯಾಲ ಖಾರ ಕರಗೂವಂಥದ್ದು.”

ಹೊಳಿಯಪ್ಪ ದನಿ ತಗ್ಗಿಸಿ, “ಬ್ರಾಂದಿ?” ಎಂದ. ಅಷ್ಟೂ ಜನ ಒಮ್ಮೆಲೇ ಒಳಕೋಣೆಯತ್ತ ನೋಡಿದರು. ದೇವವ್ವನ ಬಾಯಿಗೆ ಬ್ರಾಂದಿ! ಹುಣ್ಣಿಗೆ ಬೆಂಕಿ ಬೀಳುವುದು ಆಮೇಲಿನ ಮಾತು, ಮೊದಲು ಆಕೆಯ ಕೈಯ ಕೋಲು ಇವರ ಬೆನ್ನ ಮೇಲೆ ಬೀಳುತ್ತಿತ್ತು. ಆ ಮಾತನ್ನು ಯಾರೂ ಆಡಿಲ್ಲ, ಯಾರೂ ಕೇಳಿಲ್ಲ ಎಂದು ಎಲ್ಲರೂ ಒಪ್ಪಿಕೊಂಡರು.

ಶನಿವಾರ ಮುಂಜಾನೆ ಮಜ್ಜಿಗೆಯ ಸರದಿ. ಖಾರಪುಡಿಯನ್ನು ಮಜ್ಜಿಗೆಯಲ್ಲಿ ಕಡೆದು, ಮೊದಲು ತಾನೇ ಒಂದು ಲೋಟ ಕುಡಿದು ನೋಡಿದ. ಬಣ್ಣ ಭರ್ಜರಿ ಇತ್ತು, ಖಾರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಖಾರ ಹತ್ತಿದವರಿಗೆ ನಾವು ಮಜ್ಜಿಗೆ ಕೊಡುವುದು ಯಾಕೆ ಹೇಳಿ? ಅದು ಖಾರದ ಬಾಯಿ ಮುಚ್ಚಿಸುತ್ತದೆ ಎಂದೇ. ಹೊಟ್ಟೆಗೆ ಖಾರ ಹೋಗಬೇಕು, ನಾಲಿಗೆಗೆ ಮಾತ್ರ ಗೊತ್ತಾಗಬಾರದು ಎನ್ನುವ ಹಾಗೆ, ಅವರಿಗೆ ಬೇಕಾದದ್ದಕ್ಕೆ ಪೂರಾ ಉಲ್ಟಾ ಆಯಿತು.

ಅವನು ಸೋತು ಗಿರಣಿಗೆ ಹೋದ. ಮಧ್ಯಾಹ್ನ ಊಟಕ್ಕೆ ಬಂದು ಸಾಬೂನು ಹಚ್ಚಿ, ಮೂರು ತಂಬಿಗೆ ನೀರು ಸುರಿದು ಕೈ ತೊಳೆದ. ಆಮೇಲೆ ಮಾಡಬಾರದ ಒಂದು ಕೆಲಸ ಮಾಡಿದ: ಚಿಂತೆಯಲ್ಲಿ ಕಣ್ಣುಜ್ಜಿಕೊಂಡ. ಮರುಕ್ಷಣ ಅಂಗಳದಲ್ಲಿ ಒಂದು ಕಾಲಿನ ಮೇಲೆ ಕುಣಿಯುತ್ತಿದ್ದ. ನಾಗಲಕ್ಷ್ಮಿ ನೀರು ತಂದಳು, ಮೇಘಾ ಟವೆಲ್ಲು ತಂದಳು. ಮೂಲೆಯಲ್ಲಿ ಕಟ್ಟಿದ ಎಮ್ಮೆ ಕೊರಳು ಎತ್ತಿ ನೋಡಿತು. ಒಳಕೋಣೆಯ ಮಂಚದ ಮೇಲಿಂದ ದೇವವ್ವನ ದನಿ ಬಂತು.

“ಖಾರದ ಕೈಗೆ ನೀರು ಸುರುವಿದ್ರ ಹೋಗತೈತೇನೋ, ಹುಚ್ಚಪ್ಪಾ? ಕೈಗೆ ಮೊದಲ ಎಣ್ಣಿ ಹಚ್ಚು. ಖಾರ ಎಣ್ಣಿಗೆ ಇಳಿಯೂದು, ನೀರಿಗಲ್ಲ. ನಿನ್ನ ಹೆಂಡತಿ ದಿನಾ ಒಗ್ಗರಣ್ಯಾಗ ಏನ ಮಾಡತಾಳ, ಎಂದರ ಕಣ್ಣು ತಗದು ನೋಡೀದಿ?”

ಹೊಳಿಯಪ್ಪ ಒಂದು ಕಾಲಿನ ಮೇಲೆಯೇ ನಿಂತುಬಿಟ್ಟ. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ಆ ತೆರೆದ ಕಣ್ಣಿನಿಂದ ಮೇಘಾಳನ್ನು ನೋಡಿದ. ಮೇಘಾ ಅವನನ್ನು ನೋಡಿದಳು.

“ಎಣ್ಣಿ!” ಎಂದು ಇಬ್ಬರೂ ಕೂಗಿದರು.

ಕುಸುಬಿ ಎಣ್ಣೆ ತಂದರು. ಐವತ್ತು ಚಮಚ ಎಣಿಸಿದರು. ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಕುದಿಯುವ ಮೊದಲೇ ಇಳಿಸಿ, ಮನೋಹರ ಮತ್ತೊಮ್ಮೆ ತೂಗಿಕೊಟ್ಟ ಒಂದು ಗ್ರಾಮು ಖಾರಪುಡಿ ಹಾಕಿ ಮುಚ್ಚಿಟ್ಟರು. ಈ ಸಲ ಮನೋಹರ ಫ್ಯಾನು ಬಂದ್ ಮಾಡಿ, ಬಾಗಿಲಿಗೆ ‘ಊಟಕ್ಕೆ ಹೋಗಿದ್ದೇವೆ’ ಎಂದು ಬರೆದು ಹಾಕಿ, ಮೂಗಿಗೆ ರುಮಾಲು ಕಟ್ಟಿಕೊಂಡು ತೂಗಿದ್ದ. ಸಂಜೆಗೆ ಬಟ್ಟೆಯಲ್ಲಿ ಸೋಸಿದರೆ, ಪುಡಿಯ ಹಿಪ್ಪೆ ಬಟ್ಟೆಯಲ್ಲಿ ಉಳಿದು, ಬಣ್ಣವೂ ಖಾರವೂ ಎಣ್ಣೆಯಲ್ಲಿ ಇಳಿದಿದ್ದವು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತಳದಿಂದ ಕೊರಳವರೆಗೆ ಒಂದೇ ಕೆಂಪು. ಮೊದಲ ಚಮಚಕ್ಕೂ ಕಡೆಯ ಚಮಚಕ್ಕೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಸೋಮವಾರ ಮೇಡಮ್ ಬಂದು ‘ಎಣ್ಣೆಯಲ್ಲಿ ಮಾಡಿ, ವಾರಕ್ಕಿಂತ ಹೆಚ್ಚು ಇಡಬೇಡಿ’ ಎಂದಾಗ ಮೇಘಾ, ನಮ್ಮಜ್ಜಿ ಶನಿವಾರವೇ ಹೇಳಿದ್ದಾಳೆ ಎಂದು ನಕ್ಕಳು.

ಭಾನುವಾರ ದೇವವ್ವ ಆರು ತುತ್ತು ಉಂಡಳು. ಮಂಗಳವಾರ ಒಂದು ರೊಟ್ಟಿ. ಆ ಶುಕ್ರವಾರ, “ಇನ್ನೊಂದು ಸೌಟು ಸಾರು ಹಾಕ” ಎಂದು ತಾನಾಗಿ ಕೇಳಿದಳು. ಹೊಳಿಯಪ್ಪ ಆ ದಿನ ಗಿರಣಿಗೆ ಬಂದವರಿಗೆಲ್ಲ ಪೇಡೆ ಹಂಚಿದ. ಯಾಕೆಂದು ಕೇಳಿದರೆ, “ನಮ್ಮವ್ವ ಸಾರು ಕೇಳಿದ್ಲು” ಎಂದ. ಜನ ಪೇಡೆ ತಿಂದು, ತಲೆಯಾಡಿಸಿ, ಹೊಸಬರಾದರೆ ಸೀನಿ ಹೋದರು.

ಆಮೇಲೆ ಶುರುವಾದದ್ದು ಇಳಿಸುವ ಆಟ. ಎರಡನೆಯ ಬಾಟಲಿಗೆ ಮುಕ್ಕಾಲು ಗ್ರಾಮು, ಮೂರನೆಯದಕ್ಕೆ ಅರ್ಧ, ನಾಲ್ಕನೆಯದಕ್ಕೆ ಕಾಲು. ಅದಕ್ಕೂ ಕೆಳಗೆ ಹೋದಾಗ ಮನೋಹರನ ತಕ್ಕಡಿ ಈ ಕಡೆ ಆ ಕಡೆ ಅನುಮಾನಿಸತೊಡಗಿತು. “ಇನ್ನ ತಕ್ಕಡಿ ಯಾಕ? ಇದರ ಅರ್ಧ ಬಾಟ್ಲಿಗೆ ಅರ್ಧ ಬರೇ ಎಣ್ಣಿ ಹಾಕು, ಖಾರ ಅರ್ಧ ಆತಲ್ಲ” ಎಂದಳು ಮೇಘಾ. ಐದನೆಯದು ಹಾಗೆ, ಆರನೆಯದು ಅದರ ಅರ್ಧ. ಪ್ರತಿ ವಾರ ಹೊಸದಾಗಿ ಮಾಡಿ ಬಾಟಲಿಗೆ ನಂಬರು ಬರೆದು ಅಂಟಿಸುವ ಕೆಲಸ ಹೊಳಿಯಪ್ಪನದು. ತಾಯಿಗೆ ಗೊತ್ತಾಗಬಾರದೆಂದು ನಂಬರನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದ. ದಿನಕ್ಕೆ ಮೂರು ಹೊತ್ತು ಗಿರಣಿ ಬಿಟ್ಟು ಬಂದು, ಆಕೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ತುತ್ತು ಎಣಿಸುತ್ತಿದ್ದ. ಮುಖ ನೋಡುತ್ತ ಕೂತರೆ ಮಾತೂ ಬರುತ್ತದಲ್ಲ, ಒರಳಿನ ಕಾಲದ ಮಾತು, ತೀರಿಹೋದ ಅಪ್ಪನ ಮಾತು ಎಲ್ಲ ಬರುತ್ತಿದ್ದವು. ಅವನಿಗೆ ಗಿರಣಿಗೆ ಹಿಂತಿರುಗುವುದು ದಿನದಿನಕ್ಕೆ ತಡವಾಗತೊಡಗಿತು.

ಏಳನೆಯ ಬಾಟಲಿಯಲ್ಲಿ ಖಾರ ಇರಲೇ ಇಲ್ಲ. ಬರೀ ಎಣ್ಣೆ. ದೇವವ್ವ ಅದನ್ನೂ ಸಾರಿಗೆ ಹಾಕಿಸಿಕೊಂಡು ಎರಡು ರೊಟ್ಟಿ ತಿಂದಳು.

ಎಂಟು ದಿನವಾದ ಮೇಲೆ ರಾಣೆಬೆನ್ನೂರಿಗೆ ಹೋದರು. ಡಾಕ್ಟರು ಮತ್ತೆ ನಳಿಕೆ ಇಳಿಸಿ ನೋಡಿ, ಹುಣ್ಣು ಮಾಯ್ದಿದೆ ಎಂದರು. “ಭೇಷ್ ಹೊಳಿಯಪ್ಪ” ಎಂದು ಬೆನ್ನು ತಟ್ಟಿದರು. ತಟ್ಟಿದ ಕೈ ಕೆಂಪಾದದ್ದು ನೋಡಿ ತೊಳೆದುಕೊಳ್ಳಲು ಎದ್ದರು. “ಮೊದಲ ಎಣ್ಣಿ ಹಚ್ಚಿಕೊಳ್ರಿ” ಎಂದು ಹೊಳಿಯಪ್ಪ ಅವರಿಗೂ ಬುದ್ಧಿ ಹೇಳಿ ಬಂದ.

ಮನೆಗೆ ಬಂದು ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಹೊಳಿಯಪ್ಪನಿಗೆ ಇನ್ನು ಗುಟ್ಟು ಹೊಟ್ಟೆಯಲ್ಲಿ ನಿಲ್ಲುವಂತಿರಲಿಲ್ಲ.

“ಯವ್ವಾ, ಒಂದು ಮಾತು ಹೇಳ್ಲ್ಯಾ? ಎಂಟು ದಿನಾ ಆತು, ನೀ ಒಂದು ಚೂರೂ ಖಾರ ತಿಂದಿಲ್ಲ! ಬರೇ ಎಣ್ಣಿ. ನಿನ್ನಂಥಾಕಿ ನಾಲಿಗಿಗೆ ಮೋಸಾ ಮಾಡೇನಿ ನೋಡು!”

ದೇವವ್ವ ತುತ್ತು ನುಂಗಿ ನಿಧಾನವಾಗಿ ನೀರು ಕುಡಿದಳು.

“ಮೊದಲನೇದು ಕಡ್ಡಿ ಖಾರ, ಕುಸುಬಿ ಎಣ್ಣಿ. ಎರಡನೇ ವಾರ ಇಳಿಸಿದಿ. ಮೂರನೇ ವಾರ ಕುಸುಬಿ ತೀರಿತ್ತು, ಶೇಂಗಾ ಎಣ್ಣಿ ಹಾಕಿದ್ರಿ. ಈ ವಾರ ಏನೂ ಇಲ್ಲ. ಹೌದಿಲ್ಲೋ?”

ಹೊಳಿಯಪ್ಪನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಗೊತ್ತಿದ್ದೂ... ಉಂಡಿ?”

“ಮತ್ತೇನ ಮಾಡ್ಲೋ? ನೀ ಎದುರಿಗೆ ಕುಂತು ಬಾಯಿ ನೋಡತಿದ್ದಿ. ಮೂವತ್ತು ವರ್ಷದಾಗ ನನ್ನ ಹಂತ್ಯಾಕ ಹಿಂಗ ಕುಂತಿದ್ದಿಲ್ಲ ನೀ. ಅದು ಬಿಡು. ಎಣ್ಣಿ ಅಂತ ಹೇಳಿದಾಕಿ ಯಾರು? ನಾಕು ದಿನಾ ನೀ ನೀರಿನ ಬಾಟ್ಲಿ ಹಿಡಕೊಂಡು ಒದ್ದಾಡೂದು ನೋಡಿ ನೋಡಿ ಸಾಕಾಗಿ ಹೇಳಿದೆ.”

ಮೇಘಾ ಸೆರಗಿಲ್ಲದ್ದಕ್ಕೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾಗಲಕ್ಷ್ಮಿ ತಲೆ ತಗ್ಗಿಸಿದ್ದಳು, ಆದರೆ ಆಕೆಯ ಭುಜ ಕುಣಿಯುತ್ತಿದ್ದವು. ಹೊಳಿಯಪ್ಪನಿಗೆ ಸೋಲು ಒಪ್ಪಿಕೊಳ್ಳಲು ಆಗಲಿಲ್ಲ.

“ಇರಲಿ. ನೀ ನನ್ನ ಹಡದಾಕಿ. ನನ್ನ ನಾಲಿಗಿಗೆ ಮಾತ್ರ ಇಂಥಾ ಮೋಸ ಮಾಡಾಕ ಯಾರ ಕೈಲೂ ಆಗಿದ್ದಿಲ್ಲ, ಆಗೂದೂ ಇಲ್ಲ.”

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು.

“ನಾಗಲಕ್ಷ್ಮೀ, ಇನ್ನ ತಗೊಂಬಾರವಾ” ಎಂದಳು ದೇವವ್ವ.

ನಾಗಲಕ್ಷ್ಮಿ ಎದ್ದು ಹೋಗಿ ಹುಣಸೆಹಣ್ಣಿನ ಭರಣಿಯ ಹಿಂದಿನ ಬಾಟಲಿ ತಂದು ಗಂಡನ ಎದುರಿಗೆ ಇಟ್ಟಳು. ಬಾಯಿ ಮುಕ್ಕಳಿಸುವ ನೀರು.

“ಇದು ಉಪ್ಪಿನ ನೀರು” ಎಂದಳು ದೇವವ್ವ. “ಎರಡು ವರ್ಷದ ಹಿಂದ ನೀ ತಾಟು ಒಗದಿಯಲ್ಲ, ಅವತ್ತ ನಾನ ಹೇಳಿದೆ. ಖಾರ ನೀರಾಗ ಕರಗೂದಿಲ್ಲ, ಉಪ್ಪು ಕರಗತೈತಿ. ಉಪ್ಪು ಹಾಕೂ ಮುಂಚೆ ನಿನ್ನ ಸಾರು ಬ್ಯಾರೆ ತಗದಿಟ್ಟು, ಅದಕ್ಕ ಈ ನೀರು ಹತ್ತು ಚಮಚ. ಮೂರ್ನಾಕು ಅಮಾಸಿ ಆದಂಗ ಒಂದು ಚಮಚ ಕಡಿಮಿ. ಈಗ ನಾಕಕ್ಕ ಬಂದೈತಿ.”

“ಸುಳ್ಳು!” ಎಂದ ಹೊಳಿಯಪ್ಪ. “ಬಿಪಿ ಇಳಿದದ್ದು ಮೇಲ್ಸೇತುವಿ ಹತ್ತಿ.”

ನಾಗಲಕ್ಷ್ಮಿ ಉಪ್ಪು ಹಾಕದೆ ತೆಗೆದಿಟ್ಟ ಸಾರಿನ ಪಾತ್ರೆ ತಂದಳು. ಅವನ ಬಟ್ಟಲಿಗೆ ಸಾರು ಸುರಿದು, ಬಾಟಲಿಯಿಂದ ಎಣಿಸಿ ಹಾಕಿದಳು. ಒಂದು, ಎರಡು, ಮೂರು... ಮೊದಲಿನ ಲೆಕ್ಕದ ಹತ್ತು. ಅವನು ಗತ್ತಿನಿಂದ ಬಟ್ಟಲೆತ್ತಿ ಒಂದು ದೊಡ್ಡ ಗುಟುಕು ಕುಡಿದ. ಮುಖ ಸುಕ್ಕಾಯಿತು, ಕಣ್ಣು ಮುಚ್ಚಿದವು, ಬಾಯಿಂದ “ಅಯ್ಯಯ್ಯಯ್ಯ! ಏನ ಉಪ್ಪಲೇ ಇದು!” ಎಂದು ಹೊರಬಿತ್ತು. ಮೋಟೆಬೆನ್ನೂರಿನ ಅಡುಗೆಯವರನ್ನು ತಾನು ಬೈದದ್ದು ಅವನಿಗೆ ಆಗ ನೆನಪಾಯಿತು. ಪಾಪ, ಅವರ ಕೈ ಸರಿಯಾಗಿಯೇ ಇತ್ತು.

ಮೇಘಾ ನಕ್ಕು ನಕ್ಕು ಗೋಡೆಗೆ ಒರಗಿದಳು. ನಾಗಲಕ್ಷ್ಮಿ ಈಗ ಮುಚ್ಚುಮರೆಯಿಲ್ಲದೆ ನಕ್ಕಳು. ದೇವವ್ವ ಹಲ್ಲಿಲ್ಲದ ಬಾಯಿ ತೆರೆದು ಮಗುವಿನ ಹಾಗೆ ನಗುತ್ತಿದ್ದಳು. ಹೊಳಿಯಪ್ಪ ಸಿಟ್ಟು ಮಾಡಬೇಕೆಂದು ತಾಟಿಗೆ ಕೈ ಹಾಕಿದ, ತುಳಸಿಕಟ್ಟೆಯ ಕಡೆ ನೋಡಿದ, ಅಷ್ಟರಲ್ಲಿ ಅವನಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕುವಂತೆ ನಕ್ಕ. ನಗುವಿನ ನಡುವೆ ಯಾವಾಗಲೋ ಅವನ ಕಣ್ಣು ಒದ್ದೆಯಾದವು. ಎರಡು ವರ್ಷ, ಮೂರು ಹೊತ್ತು, ತನ್ನ ಜೀವವನ್ನು ಇವರಿಬ್ಬರು ಚಮಚದಲ್ಲಿ ಎಣಿಸಿ ಕಾಯ್ದಿದ್ದರು. ಅವನು ಎಡಗೈಯಿಂದ ತಾಯಿಯ ಕೈ ಹಿಡಿದುಕೊಂಡ. ಬಳೆ ಮಣಿಕಟ್ಟಿನಲ್ಲೇ ನಿಂತಿದ್ದವು.

ಕಣ್ಣು ಒರೆಸಿಕೊಳ್ಳಲು ಹೋದವನಿಗೆ ನಾಗಲಕ್ಷ್ಮಿ ಗದರಿ, ಸೆರಗಿನಿಂದ ತಾನೇ ಒರೆಸಿದಳು.

“ಹತ್ತಕ್ಕ ಶುರುವಾಗಿ ನಾಕಕ್ಕ ಬಂದೈತಿ ಅಂದಿ?” ಎಂದು ಅವನು ಹೆಂಡತಿಯನ್ನು ಕೇಳಿದ.

“ಹೂಂ ರಿ.”

“ಮುಂದಿನ ಅಮಾಸಿಗೆ ಮೂರು ಮಾಡು” ಎಂದ. ಆಮೇಲೆ ಬೇರೆ ಬಟ್ಟಲಲ್ಲಿ ಸಾರು ಹಾಕಿಸಿಕೊಂಡು, “ನನಗ ಮಾತ್ರ ಹೇಳಬ್ಯಾಡ” ಎಂದು ಊಟ ಮುಂದುವರಿಸಿದ.